ಏಳು ಗಂಟೆಗೆ ಒದ್ದೆಯಾಗಿದ್ದ ನೆಲ

ನಾನೂರ ಹದಿನಾರು ಗಂಟೆಗಳ ಕೂಲಿ ಇನ್ನೂ ಬಾಕಿ ಇದೆ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ ಇಪ್ಪತ್ತಾರು ದಿನ, ಎಂಟು ತಿಂಗಳು. ಗುಣಿಸಿ ನೋಡಿ. ಬಾಕಿ ಬರಬೇಕಾದ್ದು ಒಬ್ಬ ಹೆಂಗಸಿಗೆ. ಕೊಡಬೇಕಾದವರು ಅದು ಬಾಕಿಯೇ ಅಲ್ಲ ಅನ್ನುತ್ತಾರೆ. ಆ ಎರಡು ಗಂಟೆ ಅವಳು ಅಲ್ಲಿ ಇರಲೇ ಇಲ್ಲ, ಬೇಕಿದ್ದರೆ ಕ್ಯಾಮೆರಾ ನೋಡಿಕೊಳ್ಳಿ ಅನ್ನುತ್ತಾರೆ. ನೋಡಿದರೆ ಕ್ಯಾಮೆರಾದಲ್ಲಿ ಅವಳು ನಿಜಕ್ಕೂ ಇಲ್ಲ. ಏಣಿ ಹತ್ತಿ, ಗೋಡೆ ಕೊರೆದು, ತಿರುಪು ಬಿಗಿದು ಆ ಕ್ಯಾಮೆರಾವನ್ನು ಕೂರಿಸಿದವಳು ಮಾತ್ರ ಅವಳೇ.

ಬೀದಿಯವರ ಬಾಯಲ್ಲಿ ಅವಳು ಐದುಗಂಟೆಯಕ್ಕ. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಅವಳ ಚಪ್ಪಲಿ ಸದ್ದು ಮೂಲೆ ತಿರುಗಿತೆಂದರೆ ಹಾಲಿನ ಅಂಗಡಿಯವನು ಷಟರಿಗೆ ಕೈ ಹಾಕುತ್ತಿದ್ದ. ವಯಸ್ಸು ಐವತ್ತೊಂದು. ಮದುವೆ ಆಗಲಿಲ್ಲ, ಆಗಲಿಲ್ಲ ಅನ್ನುವುದಕ್ಕಿಂತ, ತಮ್ಮನನ್ನು ಓದಿಸಿ, ತಗಡಿನ ಕೆಲಸದ ಅಂಗಡಿ ಹಾಕಿಸಿ, ಅವನ ಮದುವೆ ಮಾಡಿ ಮುಗಿಸುವ ಹೊತ್ತಿಗೆ ಇವಳ ಮದುವೆಯ ಮಾತೆತ್ತುವವರು ಸುಸ್ತಾಗಿದ್ದರು. ಅಂಗಡಿಯ ಹಿಂದೆ ಅವಳಿಗೊಂದು ಕೋಣೆ, ಒಂದು ಬಲ್ಬು, ಒಂದು ಮಂಚ. ಆ ಕೋಣೆಗೂ ಬೀದಿಗೂ ನಡುವೆ ತಮ್ಮನ ಸಂಸಾರ. ಹೊರಗೆ ಹೋಗಬೇಕಾದರೆ ಅವರ ಪಡಸಾಲೆಯನ್ನೇ ದಾಟಬೇಕು. ತಮ್ಮನ ಹೆಂಡತಿ ಬಂದ ಹೊಸತರಲ್ಲೇ ಒಂದು ಮಾತು ಹೇಳಿದ್ದಳು: "ಅತ್ತಿಗೆ, ನೀವು ಎದ್ದು ಹೋಗೋವಾಗ ಬಾಗಿಲು ಸ್ವಲ್ಪ ಮೆಲ್ಲಗೆ ಎಳ್ಕೊಳ್ಳಿ. ಒಂದ್ಸಲ ಎಚ್ಚರ ಆದ್ರೆ ನನಗೆ ಮತ್ತೆ ನಿದ್ದೆ ಹತ್ತಲ್ಲ."

ತಪ್ಪು ಮಾತೇನಲ್ಲ. ಅಂದಿನಿಂದ ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಪಡಸಾಲೆ ದಾಟುವುದನ್ನು ಕಲಿತಳು. ಅಗಳಿಗೆ ಎಣ್ಣೆ ಹಾಕಿದಳು. ಕೆಮ್ಮು ಬಂದರೆ ಸೆರಗು ಬಾಯಿಗಿಟ್ಟುಕೊಂಡು ಬೀದಿಗೆ ಬಂದ ಮೇಲೆ ಕೆಮ್ಮಿದಳು. ಮಲಗಿರುವವರನ್ನು ಎಬ್ಬಿಸದೆ ಓಡಾಡುವ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮುಂದೆ ಅದೇ ವಿದ್ಯೆ ಅವಳಿಗೆ ಮುಳುವಾಯಿತು.

ಕೆಲಸ ಎರಡನೇ ಮಹಡಿಯ ಕಚೇರಿಯಲ್ಲಿ. ಗಾಜಿನ ಬಾಗಿಲು, ಒಂದೇ ದೊಡ್ಡ ಹಾಲ್, ಅರವತ್ತೆರಡು ಕುರ್ಚಿ, ತುದಿಯಲ್ಲಿ ಮ್ಯಾನೇಜರನ ಕೋಣೆ. ಅಪಘಾತವಾದ ಗಾಡಿಗಳ ವಿಮೆ ಕಾಗದ ನೋಡುವ ಕಚೇರಿ ಅದು. ಬೆಳಗಿನ ಐದರಿಂದ ಹನ್ನೊಂದರವರೆಗೆ ಆರು ಗಂಟೆ ಕೆಲಸ, ಗುತ್ತಿಗೆದಾರನ ಕೈಕೆಳಗೆ. ಒಂಬತ್ತಕ್ಕೆ ಜನ ಬರುವುದರೊಳಗೆ ಹಾಲ್ ಮುಗಿದಿರಬೇಕು. ಆಮೇಲೆ ಮೆಟ್ಟಿಲು, ಕಕ್ಕಸು, ತಾರಸಿ. ಒಂಬತ್ತು ವರ್ಷದಲ್ಲಿ ಅರವತ್ತೆರಡು ಜನರಲ್ಲಿ ಹೆಚ್ಚಿನವರ ಮುಖ ಅವಳಿಗೆ ಗೊತ್ತಿರಲಿಲ್ಲ. ಕಸದಬುಟ್ಟಿ ಗೊತ್ತಿತ್ತು. ಕಿಟಕಿ ಪಕ್ಕದವರು ನೀರಿನ ಬಾಟಲಿಯ ಚೀಟಿಯನ್ನು ಉಗುರಲ್ಲಿ ಸಿಪ್ಪೆ ಸುಲಿದು ಹಾಕುತ್ತಾರೆ. ಕಂಬದ ಹಿಂದಿನವರು ದಿನಕ್ಕೊಂದು ಅರ್ಜಿ ಬರೆದು ಎಂಟು ತುಂಡು ಮಾಡುತ್ತಾರೆ. ಒಂದು ದಿನ ಜೋಡಿಸಿ ಓದಿದಳು, ರಾಜೀನಾಮೆ ಪತ್ರ. ಮರುದಿನವೂ ಬುಟ್ಟಿಯಲ್ಲಿ ಎಂಟು ತುಂಡು ಇದ್ದುದನ್ನು ಕಂಡು, ಸದ್ಯ, ಹೋಗಿಲ್ಲ ಪುಣ್ಯಾತ್ಮ ಅಂದುಕೊಂಡಳು.

ಅವಳಿಗೆ ಮಾತಿಗೆ ಸಿಗುತ್ತಿದ್ದ ಪ್ರಾಣಿ ಒಂದೇ. ಕೆಳಗೆ ಗೇಟಿನಲ್ಲಿ ಕೂತಿರುತ್ತಿದ್ದ ಕಾವಲಿನ ಮುದುಕ. ಅವನ ಹತ್ತಿರ ಒಂದು ಉದ್ದನೆಯ ಪುಸ್ತಕ, ಅದರಲ್ಲಿ ಬಂದವರ ಹೊತ್ತು, ಹೋದವರ ಹೊತ್ತು. ಫ್ಲಾಸ್ಕಿನಲ್ಲಿ ಚಹಾ. ಅವಳು ನಾಲ್ಕು ಐವತ್ತಾರಕ್ಕೆ ಬಂದರೂ ಅವನು ಬರೆಯುವುದು ಐದು.

"ನಾಲ್ಕು ನಿಮಿಷ ಕಂಪನಿಗೆ ದಾನ," ಅನ್ನುತ್ತಿದ್ದ.

"ನಿಮ್ಮಪ್ಪನ ಮನೆಯಿಂದ ತಂದ ನಿಮಿಷವೇನ್ರೀ, ದಾನ ಮಾಡೋಕೆ?"

"ನಮ್ಮಪ್ಪನ ಮನೇಲಿ ಗಡಿಯಾರವೇ ಇರಲಿಲ್ಲ ಕಣಮ್ಮ. ಅದಕ್ಕೇ ಇಷ್ಟು ಧಾರಾಳ."

ಅರ್ಧ ಲೋಟ ಚಹಾ, ಹತ್ತು ನಿಮಿಷದ ಹರಟೆ. ಅವಳ ಇಡೀ ದಿನದ ಮಾತುಕತೆ ಅಷ್ಟೇ.

ಒಂದು ಶನಿವಾರ ಮುದುಕ ಪುಸ್ತಕ ಮುಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. "ನಾಳೆಯಿಂದ ನಾನು ಬೇಡವಂತೆ. ಕ್ಯಾಮೆರಾ ಹಾಕ್ತಾರಂತೆ, ಮ್ಯಾನೇಜರ್ ಮನೇಲಿ ಮಲಗಿದ್ದಲ್ಲೇ ಫೋನಲ್ಲಿ ಎಲ್ಲಾ ಕಾಣುತ್ತಂತೆ. ನನಗಾದ್ರೆ ತಿಂಗಳಿಗೆ ಸಂಬಳ ಕೊಡಬೇಕು, ಅದಕ್ಕೆ ಒಂದೇ ಸಲ ಕೊಟ್ರೆ ಮುಗೀತು. ಅದು ಚಹಾನೂ ಕೇಳಲ್ಲ."

"ಚಹಾ ಕೊಡೋದೂ ಇಲ್ಲವಲ್ಲ," ಅಂದಳು ಅವಳು.

ಮುದುಕ ನಕ್ಕ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಮಗಳ ಊರಿಗೆ ಹೋಗುತ್ತೇನೆ ಅಂದ. ಹೋದ.

ಮರುದಿನ ಭಾನುವಾರ, ಬಾಗಿಲು ತೆಗೆದುಕೊಡಲು ಅವಳೇ ಬರಬೇಕೆಂದು ಗುತ್ತಿಗೆದಾರನ ಗುಮಾಸ್ತ ಫೋನ್ ಮಾಡಿದ. ಕ್ಯಾಮೆರಾ ಹಾಕುವವನು ಹೆಗಲ ಮೇಲೆ ಏಣಿ ಹೊತ್ತು ಎರಡು ಮಹಡಿ ಹತ್ತಿ ಬಂದು ನೆಲದ ಮೇಲೆ ಕುಕ್ಕರಿಸಿದ. ಐವತ್ತೈದು ದಾಟಿದವನು, ಒಂದು ಕಾಲದಲ್ಲಿ ರೇಡಿಯೋ ರಿಪೇರಿ, ಆಮೇಲೆ ಟಿವಿ, ಈಗ ಇದು. ಎಡ ಮಂಡಿ ಊದಿ ಕುಂಬಳಕಾಯಿ ಆಗಿತ್ತು.

"ಏಣಿ ತರೋದು ನನ್ನ ಕೈಲಾಗುತ್ತೆ ತಾಯಿ, ಹತ್ತೋದು ಆಗಲ್ಲ," ಅಂದ. "ನಮ್ಮ ಹುಡುಗ ಕೈಕೊಟ್ಟ."

"ಕೊಡಿ ಇಲ್ಲಿ. ತಗಡಿನ ಅಂಗಡಿ ಮನೆಯವಳು ನಾನು. ಡ್ರಿಲ್ ಹಿಡಿಯೋಕೆ ಬರುತ್ತೆ."

ಅವನನ್ನು ಏಣಿಯಣ್ಣ ಎಂದು ಕರೆಯತೊಡಗಿದಳು, ಅವನೂ ಓಗೊಟ್ಟ. ಸೆರಗು ಸೊಂಟಕ್ಕೆ ಬಿಗಿದು ಏಣಿ ಹತ್ತಿ, ಬಾಗಿಲ ಎದುರು ಮೂಲೆಯಲ್ಲಿ ನಾಲ್ಕು ತೂತು ಕೊರೆದಳು. ಗೋಡೆಯ ಪುಡಿ ಕಣ್ಣಿಗೆ ಬಿತ್ತು. ಮುಷ್ಟಿ ಗಾತ್ರದ ಬಿಳಿ ಡಬ್ಬಿ, ನಡುವೆ ಕರಿಗೋಲಿಯಂಥ ಕಣ್ಣು, ಕಣ್ಣಿನ ಕೆಳಗೆ ಸೂಜಿಮೊನೆಯಷ್ಟು ನೀಲಿ ದೀಪ. ತಿರುಪು ಬಿಗಿದಳು. ಕೆಳಗಿನಿಂದ ಅವನು ಫೋನ್ ಮೇಲೆತ್ತಿ ಕೊಟ್ಟ. ಫೋನಿನಲ್ಲಿ ಚುಕ್ಕಿ ಚುಕ್ಕಿಯ ಚೌಕ. "ಅದರ ಕಣ್ಣಿನ ಮುಂದೆ ಹಿಡೀರಿ. ಹತ್ತಿರ. ಅಯ್ಯೋ, ಅಷ್ಟು ಹತ್ತಿರ ಅಲ್ಲ, ಮುತ್ತು ಕೊಡೋಕಲ್ಲ. ಹಾಂ, ಅಲ್ಲಾಡಬೇಡಿ." ಡಬ್ಬಿ ಟುಂಯ್ ಅಂದಿತು. ಕಚೇರಿಯ ವೈಫೈ ಹಿಡಿಯಿತು.

ಆಮೇಲೆ ನಡಿಗೆಯ ಪರೀಕ್ಷೆ. ಅವನು ಗೋಡೆಗೆ ಒರಗಿ ಕಾಲು ಚಾಚಿ ಕೂತು ಫೋನ್ ನೋಡುತ್ತ, "ಬಾಗಿಲಿಂದ ಬನ್ನಿ. ಕಂಬದ ಹಿಂದೆ ಹೋಗಿ. ಈಗ ಈ ಕಡೆ," ಎಂದು ಹೇಳುತ್ತಾ ಹೋದ, ಅವಳು ನಡೆಯುತ್ತಾ ಹೋದಳು. ಫೋನಿನೊಳಗೆ ಅವಳ ಸುತ್ತ ಒಂದು ಹಸಿರು ಚೌಕಟ್ಟು ಹೋದಲ್ಲೆಲ್ಲ ಹಿಂಬಾಲಿಸುತ್ತಿತ್ತು. ಚೌಕಟ್ಟಿನ ತಲೆಯ ಮೇಲೆ ಏನೋ ಬರೆದಿತ್ತು.

"ಏನದು?"

"ಮನುಷ್ಯ ಅಂತ. ನಾಯಿ ಬೆಕ್ಕು ಬಂದ್ರೆ ಮ್ಯಾನೇಜರ್ ಫೋನಲ್ಲಿ ಗಂಟೆ ಹೊಡೀಬಾರದಲ್ಲ, ಅದಕ್ಕೆ ಇದು ಮನುಷ್ಯರನ್ನ ಗುರುತು ಹಿಡಿಯುತ್ತೆ. ಎಲ್ಲಿ, ನೆಲ ಒರೆಸೋ ಥರ ಒಂದ್ಸಲ ಬಗ್ಗಿ."

ಬಗ್ಗಿದಳು. ಚೌಕಟ್ಟು ಮಾಯವಾಯಿತು.

"ಬಗ್ಗಿದ್ರೆ ನಿಮ್ಮನ್ನ ಮನುಷ್ಯಳು ಅನ್ನಲ್ವಲ್ಲ ಇದು," ಎಂದು ಏಣಿಯಣ್ಣ ಹೊಟ್ಟೆ ಕುಲುಕಿಸಿ ನಕ್ಕ.

"ಈಗಿನ್ನೂ ಬಂದಿದೆ, ಇಷ್ಟು ಬೇಗ ಯಾರ ಹತ್ರ ಕಲೀತು?" ಅಂದಳು ಅವಳು. ಅವಳೂ ನಕ್ಕಳು. ಭಾನುವಾರದ ಆ ಮೂರು ಗಂಟೆಗೆ ಯಾರೂ ಕೂಲಿ ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಮೂರು ಗಂಟೆ ಒಬ್ಬರ ಜೊತೆ ಮಾತಾಡುತ್ತ ಕೆಲಸ ಮಾಡಿದ್ದಳು. ಅವಳ ಮಟ್ಟಿಗೆ ಅದು ರಜೆ.

ಸೋಮವಾರ ಬೆಳಿಗ್ಗೆ ಐದಕ್ಕೆ ಗೇಟಿನ ಬೆಂಚು ಖಾಲಿ. ಬೀಗ ತೆಗೆದು ಮೇಲೆ ಹೋಗಿ ದೀಪ ಹಾಕಿ ಬಕೆಟ್ಟಿಗೆ ನೀರು ಹಿಡಿದಳು. ಮೊದಲ ಸಾಲಿಗೆ ಮಾಪು ಇಟ್ಟಿದ್ದಳೋ ಇಲ್ಲವೋ, ಮೇಲಿನ ಮೂಲೆಯಿಂದ ನಿದ್ದೆಗಣ್ಣಿನ ಗಂಡಸಿನ ದನಿ ಕೇಳಿತು.

"ಯಾರದು?"

ಡಬ್ಬಿ ಮಾತಾಡುತ್ತದೆ ಎಂದು ಏಣಿಯಣ್ಣ ಹೇಳಿರಲಿಲ್ಲ.

"ನಾನು ಸಾರ್."

"ನಾನು ಅಂದ್ರೆ?"

"ಗುಡಿಸೋಳು ಸಾರ್."

"ಇಷ್ಟು ಬೇಗ ಬರ್ತೀರಾ?"

"ದಿನಾ ಇದೇ ಹೊತ್ತು ಸಾರ್. ಒಂಬತ್ತು ವರ್ಷ ಆಯ್ತು."

"ಓ," ಅಂದಿತು ಡಬ್ಬಿ. ಚಿಟಕ್ಕೆಂದು ಕಡಿಯಿತು.

ಒಂಬತ್ತು ವರ್ಷದಲ್ಲಿ ಮ್ಯಾನೇಜರ್ ಅವಳ ಜೊತೆ ಮಾತಾಡಿದ್ದು ಅದೇ ಮೊದಲು. ಹಾಸಿಗೆಯಿಂದ ಆದರೂ ಮಾತು ಮಾತೇ. ಆ ವಾರವೆಲ್ಲ ಹೀಗೇ ನಡೆಯಿತು. ಅವಳು ನೆಟ್ಟಗೆ ನಿಂತಾಗೆಲ್ಲ ಅಲ್ಲಿ ಅವನ ಫೋನ್ ಹೊಡೆದುಕೊಳ್ಳುತ್ತಿತ್ತು. ಮಂಗಳವಾರ "ಮತ್ತೆ ನೀವೇನಾ" ಅಂದ. ಬುಧವಾರ ದೊಡ್ಡದಾಗಿ ಆಕಳಿಸಿದ್ದಷ್ಟೇ ಕೇಳಿತು. ಗುರುವಾರ ಡಬ್ಬಿಯೊಳಗಿಂದ ಒಬ್ಬ ಹೆಂಗಸಿನ ದನಿ: "ಆ ಹಾಳು ಫೋನ್ ಕಿಟಕಿ ಆಚೆ ಎಸೀತೀರೋ ನಾನು ಎಸೀಲೋ?" ಐದುಗಂಟೆಯಕ್ಕ ಮಾಪು ಹಿಡಿದು ಅಲ್ಲಾಡದೆ ನಿಂತುಬಿಟ್ಟಳು. ಪಡಸಾಲೆ ದಾಟುವಾಗ ಚಪ್ಪಲಿ ಕೈಜಾರಿದರೆ ಆಗುತ್ತಿದ್ದ ಸಂಕಟವೇ ಆಯಿತು. ಎಲ್ಲೋ ದೂರದ ಒಂದು ಮನೆಯನ್ನು ತಾನು ದಿನಾ ಬೆಳಿಗ್ಗೆ ಒದ್ದು ಎಬ್ಬಿಸುತ್ತಿದ್ದೇನೆ.

ಶುಕ್ರವಾರ ಐದೂವರೆಗೆ ಏಣಿಯಣ್ಣ ಬಂದ. ಏಣಿ ಇರಲಿಲ್ಲ, ಫೋನ್ ಸಾಕಿತ್ತು.

"ನಿಮ್ಮ ದೆಸೆಯಿಂದ ಮ್ಯಾನೇಜರ್ ಸಂಸಾರ ಒಡೆಯೋ ಹಂಗಾಗಿದೆಯಂತಲ್ಲ ತಾಯಿ."

"ಏನಾದ್ರೂ ಮಾಡಿ ಏಣಿಯಣ್ಣ. ಪಾಪ, ಮಲಗಲಿ."

"ಹೊತ್ತು ಕಟ್ಟಿಬಿಟ್ರೆ ಆಯ್ತು. ನೀವು ಇರೋ ಹೊತ್ತಲ್ಲಿ ಗಂಟೆ ಹೊಡೆಯದ ಹಂಗೆ. ಎಷ್ಟರಿಂದ ಎಷ್ಟು ಹಾಕಲಿ?"

"ಐದರಿಂದ ಏಳು ಹಾಕಿ. ಏಳರ ಮೇಲೆ ಅವರು ಎದ್ದಿರ್ತಾರೆ."

ಆ ಎರಡು ಅಂಕಿ ಅವಳ ಬಾಯಿಂದಲೇ ಬಂದವು. ಏಣಿಯಣ್ಣ ಮ್ಯಾನೇಜರಿಗೆ ಫೋನ್ ಮಾಡಿದ. ಅವಳಿಗೆ ಕೇಳಿಸಿದ್ದು ಇವನ ಕಡೆಯ ಮಾತು ಮಾತ್ರ. "ಐದರಿಂದ ಏಳು ಸಾರ್... ಹೌದು... ಎರಡೂ ನಿಲ್ಲುತ್ತೆ ಸಾರ್... ಬೇರೆ ಬೇರೆ ಮಾಡೋಕೆ ಬರಲ್ಲ, ಈ ಮಾಡೆಲಲ್ಲಿ ಅದಿಲ್ಲ... ಪರವಾಗಿಲ್ವಾ? ಸರಿ ಸಾರ್." ಯಾವ ಎರಡು ಎಂದು ಅವಳು ಕೇಳಲಿಲ್ಲ. ಗಂಟೆಯ ಜೊತೆ ಡಬ್ಬಿಯ ಮಾತೂ ನಿಲ್ಲುತ್ತದೆ ಅಂದುಕೊಂಡಳು. ಅವನಿಗೂ ಬಿಡಿಸಿ ಹೇಳಬೇಕು ಅನ್ನಿಸಲಿಲ್ಲ. ನೆಲ ಒರೆಸುವುದನ್ನು ಯಾರು ಚಿತ್ರ ಹಿಡಿದಿಟ್ಟುಕೊಳ್ಳುತ್ತಾರೆ?

ನಿಂತದ್ದು ಗಂಟೆ ಮತ್ತು ದಾಖಲೆ. ಐದರಿಂದ ಏಳರವರೆಗೆ ಕ್ಯಾಮೆರಾ ಏನನ್ನೂ ಹಿಡಿದಿಡುತ್ತಿರಲಿಲ್ಲ. ನೀಲಿ ದೀಪ ಮಾತ್ರ ಉರಿಯುತ್ತಲೇ ಇತ್ತು.

ದೀಪ ಉರಿಯುತ್ತಿದೆ ಅಂದಮೇಲೆ ಕಣ್ಣು ತೆರೆದೇ ಇದೆ ಎಂದು ಅವಳು ನಂಬಿದಳು. ಸೋಮವಾರದಿಂದ ಬಂದ ಕೂಡಲೇ ಮೂಲೆಯ ಕಡೆ ತಲೆಯೆತ್ತಿ, "ಬಂದೆ," ಅನ್ನತೊಡಗಿದಳು. ಮುದುಕನಿಗೆ ಹೇಳುತ್ತಿದ್ದ ಮಾತೆಲ್ಲ ನಿಧಾನಕ್ಕೆ ಅತ್ತ ತಿರುಗಿತು. ಕಂಬದ ಹಿಂದಿನವರ ಬುಟ್ಟಿಯಲ್ಲಿ ಈವತ್ತು ಎಂಟು ತುಂಡಿಲ್ಲ, ಏನಾಯ್ತೋ. ತಮ್ಮನ ಹೆಂಡತಿ ಕಾಲುನೋವಿಗೆ ಎಣ್ಣೆ ಕೊಟ್ಟಳು, ಬಾಟಲಿ ಹಳೆಯದು, ಎಣ್ಣೆ ಇನ್ನೂ ಹಳೆಯದು. ನಲ್ಲಿ ವಾಷರ್ ಹೋಗಿದೆ, ಬಕೆಟ್ ತುಂಬೋಕೆ ಹತ್ತು ನಿಮಿಷ, ಆಮೇಲೆ ನಿಧಾನ ಅಂತ ನನ್ನನ್ನ ಅನ್ನಬೇಡಿ. ಯಾರಾದರೂ ಕೇಳಿಸಿಕೊಳ್ಳುತ್ತಾರೆ ಅನ್ನುವ ಹುಚ್ಚು ಆಸೆಯೇನೂ ಅವಳಿಗಿರಲಿಲ್ಲ. ಆದರೆ ಎಲ್ಲೋ ಒಂದು ಕಡೆ ಬಿದ್ದಿರುತ್ತದೆ, ಬೇಕಾದವರು ತೆಗೆದು ನೋಡಬಹುದು ಅನ್ನುವ ಸಮಾಧಾನ ಇತ್ತು. ಮುದುಕನ ಪುಸ್ತಕವನ್ನು ಯಾರು ಓದುತ್ತಿದ್ದರು? ಅದರಲ್ಲಿ ಅವಳು ಇದ್ದಳು, ಅಷ್ಟೇ.

ಮೊದಲ ತಿಂಗಳ ಸಂಬಳದಲ್ಲಿ ಮೂರನೇ ಒಂದು ಪಾಲು ಇರಲಿಲ್ಲ. ಗುಮಾಸ್ತನಿಗೆ ಫೋನ್ ಮಾಡಿದಳು. "ಈಗ ಗೇಟ್ ಪುಸ್ತಕ ಇಲ್ಲ ನೋಡಿ, ಕಚೇರಿಯಿಂದ ಪಟ್ಟಿ ಬರುತ್ತೆ, ಲೆಕ್ಕ ಕಂಪ್ಯೂಟರ್ ಮಾಡುತ್ತೆ. ಹೊಸದು. ಮುಂದಿನ ತಿಂಗಳು ಸರಿಹೋಗುತ್ತೆ," ಅಂದ. ಮುಂದಿನ ತಿಂಗಳೂ ಅಷ್ಟೇ ಬಂತು. "ಬರುತ್ತಮ್ಮ, ಎಲ್ಲಿ ಓಡಿಹೋಗುತ್ತೆ?" ಮೂರನೆಯ ತಿಂಗಳು ಗುಮಾಸ್ತನ ಮದುವೆ. ನಾಲ್ಕನೆಯದರಲ್ಲಿ ಅವನ ಫೋನ್ ಯಾವಾಗಲೂ ಎಂಗೇಜು. ಐದನೆಯದರಲ್ಲಿ, "ನಿಮ್ಮೊಬ್ಬರದೇ ಗೋಳಾ ನಮಗೆ?" ಅವಳು ಹಾಲು ಬಿಟ್ಟಳು, ಬಸ್ಸು ಬಿಟ್ಟಳು. ನಡೆದು ಬರಬೇಕಾದ್ದರಿಂದ ಅರ್ಧ ಗಂಟೆ ಮೊದಲೇ ಏಳತೊಡಗಿದಳು. ತಮ್ಮನ ಹತ್ತಿರ ಕೇಳಬಹುದಿತ್ತು. ಕೇಳಿದರೆ ಪಡಸಾಲೆ ಇನ್ನೂ ಉದ್ದವಾಗುತ್ತದೆ ಎಂದು ಕೇಳಲಿಲ್ಲ.

ಎಂಟನೆಯ ತಿಂಗಳ ಸಂಬಳವೂ ಅಷ್ಟೇ ಬಂದ ದಿನ ಹನ್ನೊಂದು ಗಂಟೆಗೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಮ್ಯಾನೇಜರನ ಕೋಣೆಯ ಬಾಗಿಲು ತಟ್ಟಿದಳು. ಗುತ್ತಿಗೆ ಕಾಗದಕ್ಕೆ ಸಹಿ ಹಾಕಿಸಲು ಗುಮಾಸ್ತನೂ ಬಂದು ಅಲ್ಲೇ ಕೂತಿದ್ದ. ಮ್ಯಾನೇಜರ್ ನಲವತ್ತರವನು, ಕೆಟ್ಟವನಲ್ಲ. ಕೆಟ್ಟವನಲ್ಲದವರ ಕೈಯಲ್ಲೇ ಇಂಥ ಕೆಲಸಗಳು ಹೆಚ್ಚು ನಡೆಯುವುದು. ಕೂತುಕೊಳ್ಳಿ ಅಂದ. ಅವಳು ನಿಂತೇ ಇದ್ದಳು.

ಗುಮಾಸ್ತ ಪಟ್ಟಿ ತೆಗೆದು ಟೇಬಲ್ಲಿನ ಮೇಲೆ ಹರಡಿದ. "ನೋಡಿ. ದಿನದ ಮೊದಲ ಚಿತ್ರ ಎಷ್ಟೊತ್ತಿಗೋ ಅದೇ ನೀವು ಬಂದ ಹೊತ್ತು. ಏಳು. ಏಳು. ಏಳು ಒಂದು. ಏಳು. ಎಂಟು ತಿಂಗಳಿಂದ ಒಂದು ದಿನ ಆದ್ರೂ ಐದಕ್ಕೆ ಬಂದಿದ್ದೀರಾ?"

"ದಿನಾ ಬಂದಿದೀನಿ."

"ಎಲ್ಲಿ, ತೋರಿಸಿ."

ಮ್ಯಾನೇಜರ್ ಫೋನ್ ತೆಗೆದು ಆ ದಿನದ್ದೇ ಚಿತ್ರ ಹಾಕಿದ. ಏಳು ಗಂಟೆ ಸೊನ್ನೆ ನಿಮಿಷ. ಖಾಲಿ ಹಾಲ್‌ನ ನಡುವೆ ಅವಳು ಇದ್ದಕ್ಕಿದ್ದಂತೆ ಮಾಪು ಹಿಡಿದು ನಿಂತಿದ್ದಾಳೆ. ಬಾಗಿಲಿಂದ ಬಂದದ್ದಿಲ್ಲ, ದೀಪ ಹಾಕಿದ್ದಿಲ್ಲ. ನೆಲದಿಂದ ಮೊಳೆತ ಹಾಗೆ. ಅವಳು ತನ್ನನ್ನು ಹೀಗೆ ಮೇಲಿನಿಂದ ನೋಡಿದ್ದು ಅದೇ ಮೊದಲ ಸಲ. ನೆತ್ತಿಯ ಕೂದಲು ಇಷ್ಟು ತೆಳ್ಳಗಾಗಿದೆಯೇ ಅಂದುಕೊಂಡಳು. ಆಮೇಲೆ ಅವಳ ಕಣ್ಣು ತನ್ನನ್ನು ಬಿಟ್ಟು ನೆಲಕ್ಕೆ ಹೋಯಿತು. ಒಂಬತ್ತು ವರ್ಷ ನೋಡಿದ ನೆಲ.

"ಸಾರ್, ಅಲ್ಲೇ ನಿಲ್ಲಿಸಿ. ಕಿಟಕಿ ಕಡೆ ನೋಡಿ. ನಾನು ನಿಂತಿರೋ ಗೆರೆಯಿಂದ ಆ ಕಡೆ ನೆಲ ಮಿಂಚ್ತಾ ಇದೆ, ಈ ಕಡೆ ಇಲ್ಲ. ಏಳು ಗಂಟೆಗೆ ನೆಲ ಒದ್ದೆ ಇದೆ ಸಾರ್. ಬುಟ್ಟೀಲೆಲ್ಲ ಹೊಸ ಚೀಲ ಇದೆ. ಯಾರು ಹಾಕಿದ್ರು?"

ಮ್ಯಾನೇಜರ್ ಬಾಗಿ ನೋಡಿದ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದ. ನೀರು ಕಾಣುತ್ತಿತ್ತು. ಹಿಂದಿನ ದಿನದ್ದು ತೆಗೆದ, ಅಲ್ಲೂ ಕಾಣುತ್ತಿತ್ತು.

"ಹೌದಲ್ಲ," ಅಂದ.

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಒದ್ದೆ ಇರೋದು ಕಾಣುತ್ತೆ ಸಾರ್. ಇವರು ಒದ್ದೆ ಮಾಡಿದ್ದು ಕಾಣಲ್ಲ."

"ನೀರು ತಾನಾಗಿ ಬಂದು ಬಿತ್ತಾ?" ಅಂದಳು ಅವಳು. "ಸಾರ್, ನೀವೇ ಕೇಳಿದ್ರಲ್ಲ ಆವತ್ತು, ಇಷ್ಟು ಬೇಗ ಬರ್ತೀರಾ ಅಂತ. ನಿಮ್ಮ ಮನೆಯವರಿಗೆ ನಿದ್ದೆ ಕೆಡುತ್ತೆ ಅಂತ ತಾನೇ ಹೊತ್ತು ಕಟ್ಟಿದ್ದು? ನೀವು ಒಂದು ಮಾತು ಬರೆದುಕೊಡಿ."

ಮ್ಯಾನೇಜರನ ಕಿವಿ ಕೆಂಪಾಯಿತು. ಹೆಂಡತಿಯ ದನಿ ಇವಳಿಗೆ ಕೇಳಿಸಿತ್ತು ಅನ್ನುವುದು ಅವನಿಗೆ ಆಗ ಹೊಳೆದಿರಬೇಕು. ಫೋನನ್ನು ಮಗುಚಿ ಇಟ್ಟ. "ಮೊದಲ ವಾರ ಏನೋ ಬಂದಿದ್ದಿರಬಹುದಮ್ಮ. ಆಮೇಲೆ ಎಂಟು ತಿಂಗಳು ನೀವು ದಿನಾ ಬಂದ್ರಿ ಅಂತ ನಾನು ಹೇಗೆ ಬರೆದುಕೊಡಲಿ? ಆ ಹೊತ್ತಿಗೆ ನಾನು ನಿದ್ದೆ ಮಾಡ್ತಿರ್ತೀನಿ."

ಅದು ಸುಳ್ಳಲ್ಲ. ಎಂಟು ತಿಂಗಳು ಅವನು ನೆಮ್ಮದಿಯಾಗಿ ಮಲಗಿದ್ದ. ಮಲಗಿಸಿದವಳು ಎದುರಿಗೆ ನಿಂತಿದ್ದಳು.

ಅವಳು ಏಣಿಯಣ್ಣನ ಅಂಗಡಿ ಹುಡುಕಿಕೊಂಡು ಹೋದಳು. ಓಣಿಯ ಕೊನೆಯಲ್ಲಿ ಬೀರುವಿನಷ್ಟು ಅಗಲದ ಅಂಗಡಿ, ಅದರ ತುಂಬ ಕಣ್ಣು ಕಿತ್ತ ಕ್ಯಾಮೆರಾಗಳು. ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ಎರಡೂ ನಿಲ್ಲುತ್ತೆ ಅಂತ ಅವರಿಗೆ ಹೇಳಿದ್ದೆ. ನಿಮಗೆ ಹೇಳಲಿಲ್ಲ. ನನ್ನ ತಪ್ಪು," ಅಂದ.

"ಹಂಗಾದ್ರೆ ನಾನು ಆ ಎರಡು ಗಂಟೆ ಏನು ಮಾಡಿದ್ದೂ, ಏನು ಮಾತಾಡಿದ್ದೂ..."

"ಯಾವುದೂ ಇಲ್ಲ ತಾಯಿ. ದೀಪ ಇರುತ್ತೆ, ಅಷ್ಟೇ. ಕರೆಂಟ್ ಇದೆ ಅನ್ನೋದಕ್ಕೆ."

ಕೂಲಿ ಹೋದದ್ದು ಅವಳಿಗೆ ಆಗಲೇ ಗೊತ್ತಿತ್ತು. ಎಂಟು ತಿಂಗಳ "ಬಂದೆ"ಗಳೂ, ವಾಷರಿನ ದೂರೂ, ಹಳೆ ಎಣ್ಣೆಯ ತಮಾಷೆಯೂ ಒಂದು ಡಬ್ಬಿಯ ಹೊರಮೈಗೆ ತಾಗಿ ನೆಲಕ್ಕೆ ಬಿದ್ದು, ಅವಳ ಮಾಪಿನಲ್ಲೇ ಒರೆಸಿಹೋಗಿದ್ದವು ಅನ್ನುವುದು ಗೊತ್ತಾದದ್ದು ಈಗ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಏಣಿಯಣ್ಣ ಕನ್ನಡಕ ಹಾಕಿಕೊಂಡು, ಒಂದು ಹಾಳೆ ಎಳೆದುಕೊಂಡು ಬರೆದ: ಇಂಥ ದಿನ, ಇಂಥವರು ಫೋನಿನಲ್ಲಿ ಹೇಳಿದಂತೆ, ಬೆಳಿಗ್ಗೆ ಐದರಿಂದ ಏಳರವರೆಗೆ ದಾಖಲೆ ನಿಲ್ಲಿಸಿದವನು ನಾನು, ಆ ಹೊತ್ತಿಗೆ ಈಕೆ ಕೆಲಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಸಹಿ, ಅಂಗಡಿಯ ಮೊಹರು.

"ಇದು ಕೊಟ್ರೆ ಆ ಕಚೇರಿ ಕೆಲಸ ನಿಮಗೆ ಹೋಗುತ್ತಲ್ಲ."

"ಹೋಗಲಿ. ಅಲ್ಲಿ ಮೆಟ್ಟಿಲು ಜಾಸ್ತಿ," ಅಂದ.

ಅವನ ಕೆಲಸ ಹೋಯಿತು. ಗುಮಾಸ್ತ ಆ ಹಾಳೆಯನ್ನು ಓದಿ, ಇವನಿಗೂ ನಮಗೂ ಏನು ಸಂಬಂಧ ಎಂದು ಡ್ರಾಯರಿಗೆ ಹಾಕಿಕೊಂಡ. ಅದು ಈಗಲೂ ಡ್ರಾಯರಿನಲ್ಲೇ ಇದೆ. ಅವಳು ಅದಕ್ಕೆ ಮೊದಲೇ ಒಂದು ಜೆರಾಕ್ಸ್ ಮಾಡಿಸಿಟ್ಟಿದ್ದಳು. ಆ ವಿಷಯದಲ್ಲಿ ದಡ್ಡಿಯಲ್ಲ.

ಮರುದಿನದಿಂದ ಅವಳು ಏಳು ಗಂಟೆಗೇ ಹೋಗತೊಡಗಿದಳು. ಕ್ಯಾಮೆರಾ ಏನು ಹೇಳಿತ್ತೋ ಅದನ್ನೇ ನಿಜ ಮಾಡಿದಳು. ಗಾಜಿನ ಬಾಗಿಲು ತೆಗೆದು, ನೇರ ಅದರ ಎದುರು ಹೋಗಿ, ಹಸಿರು ಚೌಕಟ್ಟು ಹಿಡಿಯುವ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತು, ತಲೆಯೆತ್ತಿ ಹೇಳುತ್ತಾಳೆ: "ನಾನು ಸಾರ್. ಗುಡಿಸೋಳು. ನಾನೂರ ಹದಿನಾರು." ಆಮೇಲೆ ಬಕೆಟ್ಟಿಗೆ ನೀರು ಹಿಡಿಯುತ್ತಾಳೆ. ಏಳು ಗಂಟೆಯ ಮಾತಾದ್ದರಿಂದ ಅದು ದಾಖಲಾಗುತ್ತದೆ. ಮ್ಯಾನೇಜರನ ಫೋನೂ ಹೊಡೆದುಕೊಳ್ಳುತ್ತದೆ. ಡಬ್ಬಿ ಇದುವರೆಗೆ ಉತ್ತರ ಕೊಟ್ಟಿಲ್ಲ.

ಒಂಬತ್ತಕ್ಕೆ ಅರವತ್ತೆರಡು ಜನ ಬರುವಾಗ ಅರ್ಧ ಹಾಲ್ ಕೂಡ ಮುಗಿದಿರುವುದಿಲ್ಲ. ಅವರು ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಡೆಯುತ್ತಾರೆ, ತುಂಬಿದ ಬುಟ್ಟಿ ಕಂಡು ಮೂಗು ಮುರಿಯುತ್ತಾರೆ. ಬಗ್ಗಿರುವ ಅವಳನ್ನು ಸುತ್ತುಹಾಕಿ ಹೋಗುವಾಗ ಕೆಲವರು ಮುಖ ನೋಡುತ್ತಾರೆ. ಕಂಬದ ಹಿಂದಿನವರು ಯಾರೆಂದು ಅವಳಿಗೆ ಈಗ ತಿಳಿದಿದೆ: ಕೊರಳಿಗೆ ಮಫ್ಲರ್ ಸುತ್ತಿಕೊಂಡ, ನಿವೃತ್ತಿಗೆ ಹತ್ತಿರವಿರುವ ಗಂಡಸು. ಒಂದು ದಿನ ಅವರು ಕಾಲೆತ್ತಿ ಕೂತು ಮಾಪಿಗೆ ಜಾಗ ಬಿಡುತ್ತ, "ಮುಂಚೆ ಯಾರು ಗುಡಿಸ್ತಿದ್ರು?" ಎಂದು ಕೇಳಿದರು.

"ನಾನೇ."

"ಹೌದಾ? ನೋಡೇ ಇರಲಿಲ್ಲ."

ಗುಮಾಸ್ತ ಬಂದು ಕೂಗಾಡಿದ. ಐದಕ್ಕೆ ಬರದಿದ್ದರೆ ಬೇರೆಯವರನ್ನು ಇಡುತ್ತೇನೆ ಅಂದ. "ಐದಕ್ಕೆ ಯಾವತ್ತು ಬಂದಿದ್ದೆ ನಾನು? ನೀವೇ ಹೇಳಿದ್ರಲ್ಲ," ಅಂದಳು. ನಾಲ್ಕು ಗಂಟೆ ಕೂಲಿಗೆ ಆರು ಗಂಟೆ ದುಡಿಯುವವರು ಅವನಿಗೆ ಇನ್ನೂ ಸಿಕ್ಕಿಲ್ಲ.

ಅವಳು ಗೆದ್ದಳು ಎಂದು ಯಾರೂ ತಿಳಿಯಬಾರದು. ಅಭ್ಯಾಸಬಲದಿಂದ ಈಗಲೂ ನಾಲ್ಕಕ್ಕೆ ಎಚ್ಚರವಾಗುತ್ತದೆ. ಏಳುವ ಹಾಗಿಲ್ಲ, ಪಡಸಾಲೆಯವರು ಮಲಗಿರುತ್ತಾರೆ. ದೀಪ ಹಾಕುವ ಹಾಗಿಲ್ಲ, ಬಾಗಿಲ ಸಂದಿಯಿಂದ ಬೆಳಕು ಹೋಗುತ್ತದೆ. ಕತ್ತಲಲ್ಲಿ ಮಂಚದ ಮೇಲೆ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊತ್ತು ಕಳೆಯುತ್ತಾಳೆ. ಒಂಬತ್ತು ವರ್ಷದಲ್ಲಿ ಆ ಹೊತ್ತಿಗೆ ಅವಳ ಕೈ ಖಾಲಿ ಇದ್ದದ್ದಿಲ್ಲ. ಮುದುಕನ ಫೋನ್ ನಂಬರ್ ತೆಗೆದಿಟ್ಟುಕೊಳ್ಳಬೇಕಿತ್ತು ಅನ್ನಿಸುತ್ತದೆ. ಬೀದಿಯಲ್ಲಿ ಹಾಲಿನ ಅಂಗಡಿಯ ಷಟರು ಈಗ ಯಾವಾಗಲೋ ಒಂದು ಹೊತ್ತಿಗೆ ಎದ್ದ ಸದ್ದು ಕೇಳುತ್ತದೆ. ಕೂಲಿಯಿಲ್ಲದ ಎರಡು ಗಂಟೆ ಮೊದಲೂ ಇತ್ತು, ಈಗಲೂ ಇದೆ. ಆಗ ಕೆಲಸವಾದರೂ ಜೊತೆಗಿತ್ತು.

ಇದನ್ನು ಓದುತ್ತಿರುವ ನೀವು ಯಾವುದೋ ಒಂದು ಕಚೇರಿಯಲ್ಲೋ ಅಂಗಡಿಯಲ್ಲೋ ಕೆಲಸ ಮಾಡುವವರು, ಅಥವಾ ಮಾಡಿಸುವವರು. ಬೆಳಿಗ್ಗೆ ನೀವು ಹೋಗುವಾಗ ನಿಮ್ಮ ಬುಟ್ಟಿ ಖಾಲಿ ಇರುತ್ತದೆ. ಗೋಡೆಯ ಮೂಲೆಯಲ್ಲಿ ಒಂದು ಬಿಳಿ ಡಬ್ಬಿಯೂ ಇರುತ್ತದೆ. ನಾಳೆ ಹೋದ ಕೂಡಲೇ ಆ ಡಬ್ಬಿಯ ಫೋನ್ ಯಾರ ಕೈಯಲ್ಲಿದೆಯೋ ಅವರನ್ನು ಹಿಡಿದು ಕೇಳಿ: ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇದನ್ನು ಕುರುಡು ಮಾಡಿದ್ದೀರಿ? ಆ ಹೊತ್ತಿನಲ್ಲಿ ಒಳಗೆ ಯಾರಿದ್ದರು? ಅವರಿಗೆ ಕೂಲಿ ಹೋಯಿತೇ? ಉತ್ತರ ಸಿಗುವವರೆಗೆ ಕುರ್ಚಿಯ ಮೇಲೆ ಕೂರಬೇಡಿ. ನೀವು ಆ ಎರಡನೇ ಮಹಡಿಯವರೇ ಆಗಿದ್ದರೆ, ಮಫ್ಲರಿನವರೂ ಸೇರಿ ಅರವತ್ತೆರಡು ಜನ ಒಂದು ಬೆಳಿಗ್ಗೆ, ಅರ್ಧ ಗಂಟೆ, ಆ ಒದ್ದೆ ನೆಲದ ಮೇಲೆ ಅವಳ ಪಕ್ಕ ನೆಟ್ಟಗೆ ನಿಂತು ಅದೇ ಅಂಕಿ ಹೇಳಿದರೆ ಸಾಕು, ಗುಮಾಸ್ತನ ಡ್ರಾಯರು ತೆರೆಯುತ್ತದೆ. ನಿಲ್ಲುತ್ತೀರೋ ಇಲ್ಲವೋ, ಅದನ್ನು ಹೇಳಿ.